ಕೊರಳಿನ ಲಾಡಿ

ನನಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವಂತೆ. ಅದಕ್ಕೇ ನಾನು ಹೊಟ್ಟೆಯಲ್ಲಿದ್ದಾಗ ಅವ್ವ ಮೊಹರಮ್ಮಿನಲ್ಲಿ ಕೂಡಿಸುವ ಅಲಾಯಿ ದೇವರಿಗೆ ಹರಕೆ ಹೊತ್ತಳು: ಈ ಕೂಸು ಬದುಕಿದರೆ ಪ್ರತಿ ಮೊಹರಮ್ಮಿಗೆ ಫಕೀರನನ್ನಾಗಿ ಮಾಡುತ್ತೇನೆ ಎಂದು. ನಾನು ಬದುಕಿದೆ. ತಿಕೋಟಾದ ನಮ್ಮ ಓಣಿಯಲ್ಲಿ ಹಿಂದೂ ಮನೆಯ ಹೆಣ್ಣುಕೂಸು ಫಕೀರನಾಗುವುದು ಯಾರಿಗೂ ಸೋಜಿಗವಲ್ಲ. ವರ್ಷಕ್ಕೊಮ್ಮೆ ಎದುರುಮನೆಯ ಮುಸಲ್ಮಾನ ದರ್ಜಿಯ ಹೆಂಡತಿ ನನ್ನ ಕೊರಳಿಗೆ ಕೆಂಪು ದಾರದ ಲಾಡಿ ಹಾಕುತ್ತಿದ್ದಳು. ಅವಳ ಹಿರಿಮಗ ಕೈಹಿಡಿದು ಐದು ಮನೆ ಬೇಡಿಸುತ್ತಿದ್ದ. ಬೇಡಿದ ಬೆಲ್ಲದಲ್ಲಿ ಅರ್ಧದಷ್ಟು ದಾರಿಯಲ್ಲೇ ಅವನ ಬಾಯಿಗೆ ಹೋಗುತ್ತಿತ್ತು. ನಾನು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ.

ವಿಜಯಪುರದ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಬಸ್ಸು ಕೈಕೊಟ್ಟಿತು. ತನ್ನ ಅಪ್ಪನ ಹಾಗೆಯೇ ದರ್ಜಿಯಾಗಿದ್ದ ಅಣ್ಣ ಗಾಂಧಿ ಚೌಕದಲ್ಲಿ ಅಸ್ತರು, ಗುಂಡಿ ಕೊಂಡು ಬೈಕಿನ ಮೇಲೆ ಊರಿಗೆ ಹೊರಟಿದ್ದ. ನಾನೇ ಕೈಮಾಡಿ ನಿಲ್ಲಿಸಿ ಹಿಂದೆ ಕೂತೆ. ಊರ ಹೊರಗೆ ಕೆಲವು ಹುಡುಗರು ಅಡ್ಡಗಟ್ಟಿದರು. ಅವರಲ್ಲಿ ನಮ್ಮ ಓಣಿಯವರೂ ಇದ್ದರು, ಅಣ್ಣನ ಮನೆಯ ಮೊಹರಮ್ಮಿನ ಸಿಹಿ ಚೋಂಗೆ ತಿಂದು ಬೆಳೆದವರು. ನಮ್ಮ ಹುಡುಗಿಯನ್ನು ಎಲ್ಲಿಗೆ ಒಯ್ಯುತ್ತಿದ್ದೀಯ ಎಂದು ಅವನನ್ನು ಕೆಡವಿ ಬಡಿದರು. ನಾನು ಚೀರಿದೆ, ಅಡ್ಡಬಿದ್ದೆ. ಅವನ ಬಲಗೈ ಮಣಿಕಟ್ಟಿನ ಮೇಲೆ ಕಲ್ಲು ಹಾಕಿಯೇ ಅವರು ಬಿಟ್ಟದ್ದು.

ಮರುದಿನ ಹಿರಿಯರು ಗುಡಿಯ ಕಟ್ಟೆಗೆ ಸೇರಿದರು. ನನ್ನನ್ನು ಬಲವಂತವಾಗಿ ಗಾಡಿಗೆ ಹತ್ತಿಸಿಕೊಂಡ ಎಂಬುದು ಆ ಹುಡುಗರ ಕಥೆ. ನಾನು ಹೂಂ ಅಂದರೆ ಅಣ್ಣ ಜೈಲಿಗೆ. ಅಲ್ಲ ಅಂದರೆ ನನ್ನ ಹೆಸರು ಊರ ಬಾಯಿಗೆ. ಬಬಲೇಶ್ವರದ ಒಂದು ಸಂಬಂಧ ಬೇರೆ ಗಟ್ಟಿಯಾಗುತ್ತಿತ್ತು. ಏನೂ ಅನ್ನಬೇಡ, ತಲೆ ತಗ್ಗಿಸಿ ನಿಲ್ಲು ಸಾಕು ಎಂದ ಅಪ್ಪ. ಅವ್ವ ದೇವರ ಜಗಲಿಯ ಮೇಲಿದ್ದ ಹೋದ ವರ್ಷದ ಲಾಡಿಯನ್ನು ತೆಗೆದು ನನ್ನ ಮುಷ್ಟಿಯಲ್ಲಿಟ್ಟಳು. ಅಪ್ಪ ಅದನ್ನು ನೋಡಿ ಮುಖ ತಿರುಗಿಸಿದ.

ಧೈರ್ಯ ಬಂತು ಎಂದು ಬರೆದರೆ ಸುಳ್ಳಾದೀತು. ಮುಷ್ಟಿ ಬಿಗಿದುಕೊಂಡೇ ಕಟ್ಟೆಯ ಮುಂದೆ ಹೋಗಿ ನಿಂತೆ. ಹಿರಿಯನೊಬ್ಬ ಬೆಣ್ಣೆಯಂಥ ದನಿಯಲ್ಲಿ ಕೇಳಿದ: "ಹೆದರಬ್ಯಾಡವ್ವ ಮಗಳ. ಅಂವ ಜುಲುಮಿಲೆ ಕುಂಡ್ರಿಸಿಕೊಂಡ, ಹೌದಿಲ್ಲೋ?"

ಉತ್ತರವನ್ನು ಅವನೇ ಹೇಳಿ ಮುಗಿಸಿದ್ದ. ನನಗೆ ಮೈಯೆಲ್ಲ ಉರಿಯಿತು. ಮುಷ್ಟಿ ಬಿಚ್ಚಿ ಲಾಡಿ ತೋರಿಸಿದೆ.

"ಇಲ್ರಿ. ಗಾಡಿ ನಿಂದ್ರಿಸಿದಾಕಿ ನಾನ. ಅಂವ ನಮ್ಮಣ್ಣ. ಅವನ ಕೈ ಮುರದವ್ರು ನಿಮ್ಮ ಬಾಜೂಕ ಕುಂತಾರ್ರಿ."

ಕಟ್ಟೆ ಬರಿದಾಯಿತು. ಅಣ್ಣನ ಮೇಲೆ ದೂರು ಹೋಗಲಿಲ್ಲ. ಹೊಡೆದವರ ಮೇಲೂ ಹೋಗಲಿಲ್ಲ, ಯಾಕೆಂದರೆ ಅದು ಊರ ಮರ್ಯಾದೆಯ ಪ್ರಶ್ನೆಯಂತೆ. ಆ ಮರ್ಯಾದೆಯ ಹೆಸರು ಕೇಳಿದರೆ ನನಗೆ ಈಗಲೂ ವಾಕರಿಕೆ ಬರುತ್ತದೆ. ಬಬಲೇಶ್ವರದವರು ಹಿಂದೆ ಸರಿದರು, ಅಪ್ಪ ಕಾಲೇಜು ಬಿಡಿಸಿದ. ವರನಿಗಾಗಿ ನಾನು ಅಳಲಿಲ್ಲ. ನನ್ನನ್ನು ನೋಡಲು ಬಂದ ದಿನ ಆ ಮಹಾರಾಯ ಮೊಬೈಲಿನಿಂದ ತಲೆ ಎತ್ತಿರಲಿಲ್ಲ. ಅತ್ತದ್ದು ಕಾಲೇಜಿಗೆ.

ಅಣ್ಣನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಸೂಜಿಯ ಕೆಳಗೆ ಬಟ್ಟೆ ತಿರುಗಿಸಲು ಆಗದ ಕೈ ದರ್ಜಿಗೆ ಯಾತಕ್ಕೆ? ಅವನ ಮನೆಯವರು ಅಂಗಡಿ ಮುಚ್ಚಿ ವಿಜಯಪುರದ ಇಬ್ರಾಹಿಂಪುರದಲ್ಲಿ ಬಾಡಿಗೆ ಮನೆ ಹಿಡಿದರು.

ಮುಂದಿನ ಮೊಹರಮ್ಮಿಗೆ ಅವ್ವ ಮತ್ತು ನಾನು ಬೆಲ್ಲ, ಕೊಬ್ಬರಿ, ಹೊಸ ಕೆಂಪು ದಾರ ಹಿಡಿದು ಅಲ್ಲಿಗೆ ಹೋದೆವು. ಅಣ್ಣ ಎಡಗೈಯಿಂದ ಚಹಾದ ಕಪ್ಪು ತಂದಿಟ್ಟು, ಕಾಲೇಜು ಬಿಡಿಸಿದರಂತಲ್ಲ ಎಂದು ಬೇಜಾರು ಮಾಡಿಕೊಂಡ. ಅವನ ತಮ್ಮ ಹೊಸ್ತಿಲಲ್ಲಿ ಕೂತಿದ್ದ. ಅವ್ವ ದಾರ ಮುಂದೆ ಹಿಡಿದಳು. ಅವರ ತಾಯಿ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ನಾನು ಕೊರಳು ಬಗ್ಗಿಸಿದೆ. ಅವಳು ದಾರವನ್ನು ಮಡಚಿ ಅವ್ವನ ಕೈಗೇ ಮರಳಿಸಿದಳು.

"ಬ್ಯಾಡವ್ವಾ. ನಿನ್ನ ಮಗಳು ಬದುಕ್ಯಾಳ. ನನಗ ಇನ್ನೊಬ್ಬ ಮಗ ಅದಾನ, ಅವನ ಕೈಯರ ಉಳೀಲಿ."

ಲಾಡಿಯನ್ನು ನಮ್ಮ ಕೈಯಿಂದ ನಾವೇ ಹಾಕಿಕೊಳ್ಳುವಂತಿಲ್ಲ. ಆ ದಾರ ಇವತ್ತಿಗೂ ನಮ್ಮ ಜಗಲಿಯ ಮೇಲೆ ಹಾಗೇ ಇದೆ.