ಹತ್ತು ನಿಮಿಷದ ಹೋಟೆಲಿನವನು

ಬಸ್ಸು ಹತ್ತೇ ನಿಮಿಷ ನಿಲ್ಲುವ ಹೋಟೆಲಿನ ಮಾಲೀಕನಷ್ಟು ಹೊಟ್ಟೆ ಉರಿಸುವ ಮನುಷ್ಯನನ್ನು ನಾನು ಕಂಡಿಲ್ಲ. ಕೇಳಿದಾಗಲೆಲ್ಲ "ಬಂತು, ಬಂತು, ಕೂತ್ಕೊಳ್ಳಿ ಸಾರ್" ಎನ್ನುತ್ತಾನೆ. ಊಟ ಬರುವುದು ಮಾತ್ರ ಡ್ರೈವರ್ ಹಾರನ್ ಹೊಡೆದ ಮೇಲೆ. ಅದೂ ಕೊತಕೊತ ಕುದಿಯುತ್ತ! ಬಾಯಿಗಿಟ್ಟರೆ ನಾಲಿಗೆ ಸುಡುತ್ತದೆ, ಆರಲಿ ಎಂದು ಕಾದರೆ ಬಸ್ಸು ಹೋಗುತ್ತದೆ. ಬೈದರೆ, "ಬಿಸಿಬಿಸಿ ಕೊಟ್ರೂ ತಪ್ಪಾ?" ಎಂದು ನನ್ನನ್ನೇ ದಬಾಯಿಸುತ್ತಾನೆ. ಮೊನ್ನೆ ಬಸ್ಸು ಅಲ್ಲೇ ಕೆಟ್ಟು ನಿಂತಿತು. ಎಲ್ಲರಿಗೂ ಬಡಿಸಿಯಾದ ಮೇಲೆ ಅವನೂ ಒಂದು ತಟ್ಟೆ ಹಿಡಿದು ನನ್ನೆದುರೇ ಕೂತ. ಮೊದಲ ತುತ್ತಿಗೇ ಬಾಯಿ ಸುಟ್ಟುಕೊಂಡು ಚೀರಿದ. ಸರಿಯಾಗೇ ಆಯಿತು ಎಂದುಕೊಂಡೆ. ಒಲೆಯ ಮುಂದಿದ್ದ ಅವನ ಹೆಂಡತಿ ನೀರು ತಂದಿಟ್ಟು ನನಗೆ ಹೇಳಿದಳು: "ಇಪ್ಪತ್ತು ವರ್ಷದಿಂದ ಬಸ್ಸೆಲ್ಲ ಹೋದ್ಮೇಲೆ ತಣ್ಣಗಾಗಿದ್ದನ್ನೇ ತಿಂದೋರು ಸಾರ್ ಇವ್ರು. ಊದ್ಕೊಂಡು ತಿನ್ನಬೇಕು ಅನ್ನೋದೇ ಮರ್ತೋಗಿದೆ."