ಮೂರನೇ ಫಿರಂಗಿಯ ಮೂವರು

ತಕ್ಕಡಿ ರಿಪೇರಿ ಅಂಗಡಿಯ ಮುದುಕನನ್ನು ಬೀದಿಯವರೆಲ್ಲ ಫಿರಂಗಿ ಎಂದೇ ಕರೆಯುತ್ತಿದ್ದರು. ಹಿಂದೆ ಸೈನ್ಯದಲ್ಲಿ ಫಿರಂಗಿಯ ಗುರಿ ಹಿಡಿಯುತ್ತಿದ್ದವನು ಎಂಬುದು ಒಂದು ಕಾರಣ. ಬಾಯಿ ತೆರೆದರೆ ಬೀದಿಯ ಆ ತುದಿಗೂ ಕೇಳಿಸುತ್ತಿತ್ತು ಎಂಬುದು ಇನ್ನೊಂದು. ಹನ್ನೊಂದು ವರ್ಷ ಆ ಸದ್ದಿನ ಮಗ್ಗುಲಲ್ಲೇ ನಿಂತು ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿ ಮನಸ್ಸು ಬಂದಾಗ ಕೇಳುತ್ತಿತ್ತು. ಗಿರಾಕಿಗಳು ಹೇಳಿದ್ದನ್ನು ಮಗಳು ಆ ಕಿವಿಗೆ ಬಾಯಿಟ್ಟು ಕೂಗಬೇಕು. ಯಾರಾದರೂ ಮುಳ್ಳನ್ನು ತಮ್ಮ ಕಡೆಗೆ ಒಂಚೂರು ಬಗ್ಗಿಸಿಕೊಡಿ ಎಂದರೆ ಮಾತ್ರ ಎಡಗಿವಿಯೂ ಕೈಕೊಡುತ್ತಿತ್ತು.

ಅವನ ರೆಜಿಮೆಂಟಿಗೆ ಎಪ್ಪತ್ತೈದು ತುಂಬಿದ ವರ್ಷ ಒಬ್ಬ ಕ್ಯಾಪ್ಟನ್ ಅಂಗಡಿಗೆ ಬಂದ. ಸ್ಪ್ರಿಂಗು, ತಟ್ಟೆ, ತೂಕದ ಕಲ್ಲುಗಳನ್ನು ಸರಿಸಿ ಸ್ಟೂಲಿನ ಮೇಲೆ ಕುಳಿತು, ಟೈಪ್ ಮಾಡಿದ ಹಾಳೆಗಳನ್ನು ಮುಂದಿಟ್ಟ. ರೆಜಿಮೆಂಟಿನ ಇತಿಹಾಸ ಪುಸ್ತಕವಾಗುತ್ತಿತ್ತು. ಸೇತುವೆ ಕಾಳಗದಲ್ಲಿ ಫಿರಂಗಿ ನಡೆಸಿದವರಲ್ಲಿ ಈಗಲೂ ಬದುಕಿರುವವನು ಇವನೊಬ್ಬನೇ. ಓದಿ ಸಹಿ ಹಾಕಬೇಕು, ಸಮಾರಂಭದ ದಿನ ವೇದಿಕೆಯ ಮೇಲೆ ಕೂರಬೇಕು.

ಫಿರಂಗಿ ಭೂತಗನ್ನಡಿ ಹಿಡಿದು ಓದಿದ. ಒಂದು ಸಾಲಿನ ಮೇಲೆ ಕನ್ನಡಿ ನಿಂತೇಬಿಟ್ಟಿತು: "ಹಿಂದೆ ಸರಿಯುವ ಆಜ್ಞೆಯನ್ನು ಪಾಲಿಸದ ಕಾರಣ ಮೂರನೇ ಫಿರಂಗಿಯನ್ನು ಕಳೆದುಕೊಳ್ಳಬೇಕಾಯಿತು." ಅದರ ಕೆಳಗೇ, ಆ ಕಾಳಗಕ್ಕಾಗಿ ರೆಜಿಮೆಂಟಿಗೆ ಸಂದ ಗೌರವದ ವರ್ಣನೆ.

"ಯಾರು ಬರೆದಿದ್ದು ಇದನ್ನ?"

"ಹಳೇ ದಾಖಲೆಯಲ್ಲಿ ಇರೋದೇ," ಎಂದ ಕ್ಯಾಪ್ಟನ್. ಮಗಳು ಅದನ್ನು ಎಡಗಿವಿಗೆ ಕೂಗಿದಳು.

ಆಜ್ಞೆ ಬಂದಿದ್ದು ನಿಜ. ಆದರೆ ಆ ಹೊತ್ತಿಗೆ ಸೇತುವೆಯ ಮೇಲೆ ಒಂದು ಲಾರಿ ಕೆಟ್ಟು ನಿಂತಿತ್ತು. ಅದರ ಹಿಂದೆ ಗಾಯಾಳುಗಳನ್ನು ತುಂಬಿಕೊಂಡ ಹನ್ನೊಂದು ಆಂಬುಲೆನ್ಸುಗಳು. ಮೂರನೇ ಫಿರಂಗಿಯ ಮುಖ್ಯಸ್ಥ ಸೇತುವೆಯನ್ನು ನೋಡಿ, ತನ್ನ ನಾಲ್ವರನ್ನು ನೋಡಿ, "ಹೋಗೋರು ಹೋಗ್ರಪ್ಪ," ಎಂದಿದ್ದ. ಒಬ್ಬನೂ ಕದಲಲಿಲ್ಲ. ನಲವತ್ತು ನಿಮಿಷ ಗುಂಡು ಹಾರಿಸಿ ಶತ್ರುವನ್ನು ತಡೆದರು. ಕೊನೆಯ ಗಾಡಿ ದಾಟುವಷ್ಟರಲ್ಲಿ ಮುಖ್ಯಸ್ಥ, ಗುಂಡು ತುಂಬುವವನು, ಗುಂಡು ಹೊತ್ತು ತರುವವನು ಮೂವರೂ ಸತ್ತಿದ್ದರು. ಉಳಿದಿಬ್ಬರು, ಇವನೂ ಇನ್ನೊಬ್ಬನೂ, ಆ ಫಿರಂಗಿ ಶತ್ರುವಿನ ಕೈಗೆ ಸಿಕ್ಕರೂ ಕೆಲಸಕ್ಕೆ ಬಾರದಂತೆ ಅದರ ಹಿಂಬಾಯಿಯ ಉಕ್ಕಿನ ಅಗುಳಿ ಕಳಚಿ ಹೊಳೆಗೆ ಎಸೆದು ಬಂದರು. "ಆಜ್ಞೆ ಕೇಳಿಸಲಿಲ್ಲವಾ?" ಎಂದು ಮೇಲಧಿಕಾರಿ ಕೇಳಿದಾಗ ಇಲ್ಲ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಇವನು "ಕೇಳಿಸಿತು" ಎಂದ. ಅಲ್ಲಿಗೆ ಬಡ್ತಿಯೂ ಹೋಯಿತು, ಸತ್ತ ಮೂವರ ಹೆಸರೂ ಗೌರವ ಫಲಕಕ್ಕೆ ಏರಲಿಲ್ಲ.

"ಗಾಡಿ ದಾಟಿದ್ದು ನಿಮ್ಮ ಕೀರ್ತಿ, ಫಿರಂಗಿ ಹೋಗಿದ್ದು ನಮ್ಮ ತಪ್ಪು," ಎಂದು ಮುದುಕ ಗುಡುಗಿದ. "ಎರಡೂ ಆಗಿದ್ದು ಅದೇ ನಲವತ್ತು ನಿಮಿಷದಲ್ಲಿ ಸಾಹೇಬ್ರೇ. ಒಳ್ಳೇದನ್ನಷ್ಟೇ ಆರಿಸ್ಕೊಳ್ಳೋಕೆ ಇದೇನು ಬದನೆಕಾಯಾ? ಸಹಿ ಹಾಕಲ್ಲ."

"ಹಾಕದಿದ್ರೂ ಪುಸ್ತಕ ಅಚ್ಚಿಗೆ ಹೋಗುತ್ತೆ," ಎಂದ ಕ್ಯಾಪ್ಟನ್ ಮೆಲ್ಲಗೆ.

"ಹೋಗಲಿ. ಸಮಾರಂಭಕ್ಕೆ ಬರ್ತೀನಿ."

ಕ್ಯಾಪ್ಟನ್ ಹೊರಟ ಮೇಲೆ ಮಗಳು, "ಅಪ್ಪಾ, ಸಹಿ ಹಾಕಲ್ಲ ಅಂದ್ಮೇಲೆ ಅಲ್ಲಿಗೆ ಯಾಕೆ?" ಎಂದಳು.

"ಕರೆದಿದಾರಲ್ಲ. ಮರ್ಯಾದೆ ಬೇಡ್ವಾ?"

ಮೈದಾನದಲ್ಲಿ ಫಿರಂಗಿಗಳು ಮಿರಮಿರ ಮಿಂಚುತ್ತಿದ್ದವು. ರೆಜಿಮೆಂಟಿನ ಗೌರವಗಳನ್ನು ಒಂದೊಂದಾಗಿ ಓದುತ್ತಿದ್ದರು. ಸೇತುವೆಯ ಸರದಿ ಬಂದಾಗ ಅಪ್ಪನಿಗೆ ಗೊತ್ತಾಗಲೆಂದು ಮಗಳು ಕೆಳಗಿನಿಂದ ಕೈ ಎತ್ತಿದಳು. ಅವನು ಎದ್ದು ನಿಂತ. ಮೈಕು ಬೇಕಾಗಲಿಲ್ಲ. ಮೂರನೇ ಫಿರಂಗಿಯ ಮೂವರ ಹೆಸರನ್ನೂ ಹಾಜರಿ ಕೂಗುವಂತೆ ಕೂಗಿದ. ನಿರೂಪಕ ಬಂದು ಕೋಟಿನ ತುದಿ ಎಳೆದ. ಇವನು ತಿರುಗಿಯೂ ನೋಡಲಿಲ್ಲ.

"ಆಜ್ಞೆ ಮೀರಿದ್ರು. ನಾನೂ ಮೀರಿದೆ. ಆ ಹೊತ್ತು ಮತ್ತೆ ಬಂದ್ರೆ ಮತ್ತೆ ಮೀರ್ತೀನಿ!"

ಹಿಂದಿನ ಸಾಲಿನಲ್ಲಿ ಊರುಗೋಲಿನ ಮುದುಕನೊಬ್ಬ ಕಷ್ಟಪಟ್ಟು ಎದ್ದ. "ನಾನು ಆರನೇ ಆಂಬುಲೆನ್ಸಲ್ಲಿದ್ದೆ," ಎಂದ. "ಇವರು ಹೇಳ್ತಿರೋದು ನಿಜ." ವೇದಿಕೆಯ ಮೇಲಿದ್ದ ಫಿರಂಗಿಗೆ ಅದು ಕೇಳಿಸಲಿಲ್ಲ. ಮಗಳು ಮೆಟ್ಟಿಲು ಹತ್ತಿ ಓಡಿ ಬಂದು ಕಿವಿಯಲ್ಲಿ ಕೂಗಿದಾಗ, ಇಡೀ ದಿನ ಸೆಟೆದುಕೊಂಡಿದ್ದ ಮುದುಕ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡ.

ಕರ್ನಲ್ ಇಬ್ಬರನ್ನೂ ಕೂರಿಸಿಕೊಂಡು ಹೇಳಿಕೆ ಬರೆಸಿಕೊಂಡರು. ಪುಸ್ತಕ ಅದಾಗಲೇ ಅಚ್ಚಾಗಿತ್ತು. ಆ ಸಾಲಿನ ಮೇಲೆ ತಿದ್ದುಪಡಿಯ ಚೀಟಿ ಅಂಟಿಸಿದರು. ಒಂಬತ್ತು ತಿಂಗಳ ಓಡಾಟದ ನಂತರ ಫಲಕದಲ್ಲಿ ಮೂರು ಹೆಸರು ಬರೆಸುವ ಅಪ್ಪಣೆಯಾಯಿತು.

ಫಿರಂಗಿ ನೋಡಲು ಹೋದಾಗ ಬಣ್ಣ ಇನ್ನೂ ಹಸಿಯಾಗಿತ್ತು. ಗುಂಡು ತುಂಬುವವನ ಹೆಸರಿನಲ್ಲಿ ಳಕಾರ ಇರಬೇಕಾದ ಕಡೆ ಲಕಾರ ಕೂತಿತ್ತು.

"ಒಂದಕ್ಷರ ತಾನೇ ಯಜಮಾನ್ರೇ, ಯಾರು ನೋಡ್ತಾರೆ?" ಎಂದ ಬಣ್ಣದವನು.

"ನಾನು ನೋಡ್ತಿದೀನಲ್ಲ," ಎಂದು ಫಿರಂಗಿ ಏಣಿಯ ಬುಡದಲ್ಲೇ ಕುಕ್ಕರಿಸಿದ. "ಹತ್ತು ಮೇಲೆ."