ಹೆಡ್‌ಲೈಟ್ ಸ್ವಿಚ್ಚಿಗೆ ಹಾಕಿದ ತೈಲ

ನಮ್ಮ ಕಾರಿನಲ್ಲಿ ಇಬ್ಬರಿಗೆ ಮಾತ್ರ ಜಾಗ. ಯಜಮಾನರು ಕೀಳ್ ಕೋತಗಿರಿಯ ಟೀ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಗ ಆ ಎಸ್ಟೇಟಿನ ಮ್ಯಾನೇಜರು ರಿಟೈರಾಗಿ ಹೊರಡುವ ಮುಂಚೆ ಅದನ್ನು ಇವರಿಗೆ ಮಾರಿದರು. ಎಲೆ ತೂಗುವ ಶೆಡ್ಡಿನಲ್ಲಿ ಟಾರ್ಪಾಲಿನಡಿ ವರ್ಷಗಟ್ಟಲೆ ಮಲಗಿದ್ದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಉದ್ದ ಮೂತಿ, ಬಟ್ಟೆಯ ಟಾಪು, ನೆಲಕ್ಕೇ ಕೂತಂಥ ಸೀಟು. ಸೀರೆ ಉಟ್ಟವಳು ಅದರೊಳಗೆ ಇಳಿಯುವುದಕ್ಕೂ ಮೇಲೇಳುವುದಕ್ಕೂ ಒಂದು ಟೆಕ್ನಿಕ್ ಬೇಕು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಡಿಪೋರ್ಟ್‌ಮೆಂಟು, ಅಂದರೆ ಕೂರುವ ನಿಲ್ಲುವ ಠೀವಿ, ನನ್ನ ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದು ಇಲ್ಲೊಂದೇ ಕಡೆ: ಬೆನ್ನು ನೇರ, ಮೊಣಕಾಲು ಜೋಡಿಸಿ, ಮೊದಲು ಕೂತು ಆಮೇಲೆ ಕಾಲು ಒಳಗೆ. ಎಪ್ಪತ್ತನಾಲ್ಕರ ವಯಸ್ಸಿನಲ್ಲೂ ಬೆನ್ನು ಮಾತು ಕೇಳುತ್ತದೆ. ಮೊಣಕಾಲಿನ ವಿಷಯ ಬೇಡ.

ಯಜಮಾನರು ಹೋಗಿ ಹನ್ನೊಂದು ವರ್ಷ. ಅವರ ನಂತರ ನಾನೇ ಓಡಿಸುತ್ತೇನೆ. ದೂರವೇನಿಲ್ಲ. ತಿಂಗಳಿಗೊಮ್ಮೆ ಊಟಿಯಿಂದ ಕಲ್ಲಟ್ಟಿ ಘಾಟಿ ಇಳಿದು ಬೊಕ್ಕಾಪುರಂಗೆ. ಅಲ್ಲಿ ನನ್ನ ಶಾಲೆಯ ಗೆಳತಿಯೊಬ್ಬಳಿದ್ದಾಳೆ. ಅವಳು ಈಗ ಘಾಟಿ ಹತ್ತಿ ಬರಲಾರಳು, ಫೋನಿನಲ್ಲಿ ಮಾತಾಡೋಣವೆಂದರೆ ಕಿವಿ ಕೇಳಿಸುವುದಿಲ್ಲ. ನಾನು ಹೋದರೆ ಇಬ್ಬರೂ ಅವರ ಹೊಲದ ಬದಿಯಲ್ಲಿ ಕುರ್ಚಿ ಹಾಕಿಕೊಂಡು, ಅರವತ್ತು ವರ್ಷದ ಹಿಂದಿನ ಹುಡುಗಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಎಳೆದುಕೊಂಡು ಗಾಸಿಪ್ ಮಾಡುತ್ತೇವೆ. ನಾನು ಹೋಗದಿದ್ದರೆ ಅದೂ ಇಲ್ಲ. ಟ್ಯಾಕ್ಸಿಯಲ್ಲಿ ಒಮ್ಮೆ ಹೋಗಿ ನೋಡಿದೆ. ಡ್ರೈವರು ಅಂಗಳದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರೆ ಯಾರಿಗೆ ತಾನೆ ಮಾತು ಬರುತ್ತದೆ?

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಕಪ್ಪು ಗುಂಡಿ ಇದೆ. ಒಮ್ಮೆ ಎಳೆದರೆ ಸಣ್ಣ ಲೈಟು, ಇನ್ನೂ ಸ್ವಲ್ಪ ಎಳೆದರೆ ಹೆಡ್‌ಲೈಟು. ನಮ್ಮ ಬೆಟ್ಟದಲ್ಲಿ ಹೆಡ್‌ಲೈಟು ಇರುವುದು ಕತ್ತಲೆಗಿಂತ ಹೆಚ್ಚಾಗಿ ಮಂಜಿಗೆ. ಮಧ್ಯಾಹ್ನ ಮೂರು ಗಂಟೆಗೆ ಬಿಸಿಲಿದ್ದ ತಿರುವಿನಲ್ಲಿ ಮೂರೂಕಾಲಿಗೆ ನಮ್ಮ ಕಾರಿನ ಮೂತಿಯೇ ನಮಗೆ ಕಾಣಿಸುವುದಿಲ್ಲ. ಘಾಟಿಯಲ್ಲಿ ಇಳಿಯುವ ಗಾಡಿ ನಿಂತು, ಹತ್ತುವ ಗಾಡಿಗೆ ದಾರಿ ಕೊಡಬೇಕು. ಮಂಜಿನಲ್ಲಿ ಹತ್ತುವವರು ಬರುತ್ತಿದ್ದಾರೆಂದು ಹೇಳುವುದು ಅವರ ಲೈಟೊಂದೇ.

ಹೋದ ಮಳೆಗಾಲದ ಕೊನೆಯಲ್ಲಿ, ಬೊಕ್ಕಾಪುರಂನಿಂದ ವಾಪಸು ಬರುವಾಗ ಪಕ್ಕದ ಸೀಟಿನಲ್ಲಿ ನನ್ನ ತಮ್ಮನ ಮಗಳಿದ್ದಳು. ಊಟಿಯಲ್ಲೇ ಬ್ಯಾಂಕಿನಲ್ಲಿ ಕೆಲಸ, ನಮ್ಮ ಮನೆಗೆ ಎರಡು ಬೀದಿ ಆಚೆ ಸಂಸಾರ. ಕಲ್ಲಟ್ಟಿ ದಾಟಿ ಒಂದು ತಿರುವಿನಲ್ಲಿ ಮಂಜು ಇಳಿಯಿತು. ಗುಂಡಿ ಎಳೆದೆ. ಲೈಟು ಹತ್ತಿತು. ಸ್ವಲ್ಪ ದೂರ ಹೋಗುವುದರಲ್ಲಿ ರಸ್ತೆಯ ಒಂದು ಹೊಂಡಕ್ಕೆ ಚಕ್ರ ಇಳಿದದ್ದೇ ತಡ, ಎರಡೂ ಲೈಟು ಆರಿಹೋದವು. ಎಳೆದೆ, ತಳ್ಳಿದೆ, ಮತ್ತೆ ಎಳೆದೆ. ಕ್ಯಾರೆಟ್ ಮೂಟೆ ಹೇರಿಕೊಂಡ ಪಿಕಪ್ಪೊಂದು ಮೇಲಿನಿಂದ ಬಂದು ನಮ್ಮ ಮೂತಿಗೆ ಒಂದು ಗೇಣು ಬಿಟ್ಟು ನಿಂತಿತು. ಡ್ರೈವರು ಇಳಿದು ಬಂದು ಟಾಪಿನೊಳಗೆ ಬಗ್ಗಿ ನೋಡಿದ. ಬೈಯಲು ಬಂದವನು ನನ್ನ ಬಿಳಿ ಕೂದಲು ನೋಡಿ ದನಿ ಇಳಿಸಿದ.

"ಪಾಟಿ, ಲೈಟ್ ಪೋಟ್ಟು ವರಕ್ಕೂಡಾದಾ?" ಎಂದಷ್ಟೇ ಕೇಳಿದ. ಅಜ್ಜಿ, ಲೈಟ್ ಹಾಕಿಕೊಂಡು ಬರಬಾರದಾ ಅಂತ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮಂಜು ಕರಗುವವರೆಗೂ ರಸ್ತೆ ಬದಿಯಲ್ಲಿ ನಿಂತಿದ್ದು ಮನೆಗೆ ಬಂದೆವು. ಅವಳು ಗೇಟಿನ ಹತ್ತಿರ ಇಳಿದು, "ಅತ್ತೆ, ಶನಿವಾರದವರೆಗೂ ಟೈಮು. ಅಷ್ಟರಲ್ಲಿ ರಿಪೇರಿ ಆಗ್ಲಿಲ್ಲ ಅಂದ್ರೆ ಕೀ ನನಗೆ ಕೊಟ್ಬಿಡಿ. ಪ್ರಾಮಿಸ್?" ಎಂದಳು.

"ಪ್ರಾಮಿಸ್," ಎಂದೆ. ಬೇರೆ ಏನು ಹೇಳಲಿ?

ನಮ್ಮ ಮೆಕ್ಯಾನಿಕ್ಕು ಗುಂಡ್ಲುಪೇಟೆ ಕಡೆಯ ಮನೆತನದವರು. ಮಾರ್ಕೆಟ್ಟಿನ ಕೆಳಗೆ ಅವರದೊಂದು ತಗಡಿನ ಶೆಡ್ಡು. ಯಜಮಾನರ ಕಾಲದಿಂದಲೂ ಈ ಕಾರಿಗೆ ಕೈ ಹಾಕಿದವರು ಅವರೊಬ್ಬರೇ. ಶನಿವಾರ ಬೆಳಿಗ್ಗೆ ಹೋದೆ. ಮೊದಲು ಬ್ಯಾಟರಿಯ ವೈರು ಬಿಚ್ಚಿಟ್ಟರು. ಗುಂಡಿಯ ಕೆಳಗಿನ ಸಣ್ಣ ಪಿನ್ನನ್ನು ಮೊಳೆಯಿಂದ ಒತ್ತಿ ಗುಂಡಿ ಎಳೆದು ತೆಗೆದರು, ಸುತ್ತಲಿನ ರಿಂಗು ತಿರುಗಿಸಿದರು. ಇನ್ನು ಸ್ವಿಚ್ಚನ್ನು ಹಿಂದಿನಿಂದ ಈಚೆಗೆ ತೆಗೆಯಬೇಕು. ಅಲ್ಲಿ ಅವರ ಕೈ ಹೋಗಲಿಲ್ಲ.

"ಈ ಕಾರ್ ಮಾಡ್ದೋರ್ಗೆ ಬೆರಳೇ ಇರ್ನಿಲ್ವೋ ಏನೋ," ಎಂದು ಗೊಣಗಿದರು. "ಕೊಯಮತ್ತೂರಲ್ಲಿ ಬಸ್ಸಿನ ಸ್ವಿಚ್ ಸಿಕ್ತದೆ ಅಮ್ಮ. ಒಂದು ತೂತು ಹೊಡ್ದು ಕೂರಿಸ್ಬುಡ್ತೀನಿ."

"ಈ ಕಾರಿಗೆ ಬಸ್ಸಿನ ಸ್ವಿಚ್ಚಾ? ನನಗೆ ಬಸ್ಸಿನ ಕಂಡಕ್ಟರ್ ಬ್ಯಾಗೂ ಹಾಕಿಬಿಡಿ," ಎಂದೆ. "ಸರೀರಿ ಆಚೆ."

ಕಾನ್ವೆಂಟಿನಲ್ಲಿ ನೀಡಲ್‌ವರ್ಕಿಗೆ ಪ್ರೈಜ್ ತಗೊಂಡ ಬೆರಳುಗಳು ಇವು. ಬಳೆ ತೆಗೆದಿಟ್ಟು, ಸೀಟಿನಲ್ಲಿ ಓರೆಯಾಗಿ ಒರಗಿ, ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿದೆ. ಸಿಕ್ಕಿತು. ಆದರೆ ಮುಟ್ಟಿದ್ದು ಹಲಸಿನ ಅಂಟನ್ನು ಮುಟ್ಟಿದ ಹಾಗಿತ್ತು. ಈಚೆಗೆ ತೆಗೆದಾಗ ವೈರುಗಳ ಮೇಲಿನ ರಬ್ಬರು ಕರಗಿ, ಕಪ್ಪು ಜೋನಿಬೆಲ್ಲದಂತೆ ಇಳಿದು ಸ್ವಿಚ್ಚಿನ ಒಳಗೆಲ್ಲ ಹರಡಿತ್ತು.

ಮೆಕ್ಯಾನಿಕ್ಕು ಅದನ್ನು ಬೆಳಕಿಗೆ ಹಿಡಿದರು. ಮೂಗಿಗೂ ಹಿಡಿದರು. ನನ್ನ ಮುಖ ನೋಡಿದರು.

"ನೀಲಗಿರಿ ತೈಲ. ಯಾರಮ್ಮ ಹಾಕ್ದೋರು?"

ನಾನು ತಕ್ಷಣ, "ಯಜಮಾನರು ಹಾಕುತ್ತಿದ್ದರಲ್ಲ," ಎಂದೆ.

ಸುಳ್ಳೆಂದುಕೊಂಡು ಹೇಳಿದ್ದಲ್ಲ. ನಮ್ಮೂರಿನ ಥಂಡಿಗೆ ತೈಲ ತಾಕದ ವಸ್ತು ಯಾವುದಿದೆ? ನೆಗಡಿಗೆ ತೈಲ, ಬೀರುವಿಗೆ ತೈಲ, ಬಾಗಿಲ ಚಿಲಕಕ್ಕೆ ತೈಲ. ಪ್ರತಿ ತಿಂಗಳ ಮೊದಲ ಭಾನುವಾರ ಯಜಮಾನರು ಕಾರಿನೊಳಗೆ ತಲೆ ತೂರಿಸಿ ಡ್ಯಾಶ್‌ಬೋರ್ಡಿನ ಕೆಳಗೆ ಏನೋ ಮಾಡುತ್ತಿದ್ದರು. ನಾನು ಕಾಫಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು. ಕಾಫಿ ಲೋಟ ತೆಗೆದುಕೊಳ್ಳಲು ಚಾಚಿದ ಕೈಯಲ್ಲಿ ತೈಲದ ವಾಸನೆ. ಅವರು ಹೋದ ಮೇಲೆ ಆ ಭಾನುವಾರವನ್ನು ನಾನು ತಪ್ಪಿಸಲಿಲ್ಲ. ಬಾಟಲಿಯಲ್ಲಿ ಕೋಳಿಗರಿ ಅದ್ದಿ, ಡ್ಯಾಶ್‌ಬೋರ್ಡಿನ ಹಿಂದೆ ಕೈಗೆ ಸಿಕ್ಕಿದ್ದಕ್ಕೆಲ್ಲ ಹಚ್ಚಿದೆ. ದೇವರ ದೀಪಕ್ಕೆ ಎಣ್ಣೆ ಹಾಕುವುದನ್ನಾದರೂ ಮರೆತೇನು, ಇದನ್ನು ಮರೆಯಲಿಲ್ಲ.

"ಸಾರ್ ಹಾಕ್ತಿದ್ದುದು ಮಿಷಿನ್ ಎಣ್ಣೆ ಕಣಮ್ಮ," ಎಂದರು ಮೆಕ್ಯಾನಿಕ್ಕು, ನಿಧಾನವಾಗಿ. "ಅದೂ ಬಾನೆಟ್ ಎಳೆಯೋ ಕೇಬಲ್‌ಗೆ ಮಾತ್ರ, ಒಂದೇ ತೊಟ್ಟು. ಕೆಲ್ಸ ಆದ್ಮೇಲೆ ಕೈಗೆ ತೈಲ ಹಚ್ಕೊಂಡು ಒರೆಸ್ಕೊಳೋರು. ಗ್ರೀಸು ಚೆಂದಾಗಿ ಬುಡ್ತದೆ. ನಂಗೂ ಅವ್ರೇ ಹೇಳ್ಕೊಟ್ಟಿದ್ದು."

ನಾನು ತೆಗೆದಿಟ್ಟಿದ್ದ ಬಳೆಗಳನ್ನೇ ನೋಡುತ್ತ ಕೂತೆ. ಅಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದವಳು, ಏನು ಮಾಡುತ್ತಿದ್ದೀರಿ ಎಂದು ಒಂದೇ ಒಂದು ಸಲ ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ. ಅವರು ಕೆಲಸ ಮುಗಿಸಿ ಕೈ ತೊಳೆದುಕೊಂಡದ್ದನ್ನೇ ಕೆಲಸವೆಂದು ತಿಳಿದು, ಹನ್ನೊಂದು ವರ್ಷ ಶ್ರದ್ಧೆಯಿಂದ ಅವರ ಕಾರನ್ನು ಹಾಳು ಮಾಡಿದ್ದೆ.

ಮೆಕ್ಯಾನಿಕ್ಕು ಹಳೆಯ ವೈರುಗಳನ್ನು ಕತ್ತರಿಸಿ, ಹೊಸದನ್ನು ಅದೇ ಬಣ್ಣದವು ಹುಡುಕಿ ಜೋಡಿಸಿದರು. ಸ್ವಿಚ್ಚನ್ನು ಪೆಟ್ರೋಲಿನಲ್ಲಿ ತೊಳೆದು, ಒಳಗಿನ ಹಿತ್ತಾಳೆ ಪಟ್ಟಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸರಿಯಾಗಿ ತಾಗಲೆಂದು ಒಂದಿಷ್ಟೇ ಬಗ್ಗಿಸಿದರು. ಒಳಗೆ ಕೂರಿಸಿದ್ದು ನಾನು. ಅವರು ಈಚೆಯಿಂದ ರಿಂಗು ತಿರುಗಿಸುವವರೆಗೂ ಬೆರಳ ತುದಿಯಲ್ಲಿ ಹಿಡಿದುಕೊಂಡಿದ್ದೆ. ಬ್ಯಾಟರಿಯ ವೈರು ಮತ್ತೆ ಜೋಡಿಸಿದರು. ಎಳೆದೆ. ಒಂದು ಟಿಕ್, ಎರಡನೆಯ ಟಿಕ್. ಎದುರಿನ ತಗಡಿನ ಮೇಲೆ ಎರಡು ಹಳದಿ ವೃತ್ತಗಳು ಮೂಡಿದವು. ಮೆಕ್ಯಾನಿಕ್ಕು ಬಾನೆಟ್ಟನ್ನು ಅಂಗೈಯಿಂದ ಎರಡು ಸಲ ಗುದ್ದಿದರು. ವೃತ್ತಗಳು ಅಲುಗಾಡಿದವು, ಆರಲಿಲ್ಲ.

ಅಷ್ಟರಲ್ಲಿ ಬ್ಯಾಂಕು ಮುಗಿಸಿಕೊಂಡು ತಮ್ಮನ ಮಗಳು ಬಂದಳು. ಲೈಟು ನೋಡಿದಳು, ನೆಲದ ಮೇಲೆ ಬಿದ್ದಿದ್ದ ಕಪ್ಪು ವೈರುಗಳನ್ನೂ ನೋಡಿದಳು.

"ಇದೇನಿದು ಹೀಗೆ ಕರಗಿಹೋಗಿದೆ?"

ಮೆಕ್ಯಾನಿಕ್ಕು ನನ್ನ ಕಡೆ ನೋಡದೆ, "ವಯಸ್ಸಾಯ್ತಲ್ಲವ್ವ. ಹಳೇ ವೈರು," ಎಂದುಬಿಟ್ಟರು. ನನ್ನ ಮಾನ ಉಳಿಸಲು ಹೇಳಿದ ಮಾತು ಅದು.

"ನೋಡಿದ್ರಾ ಅತ್ತೆ. ಇವತ್ತು ಇದು, ನಾಳೆ ಬ್ರೇಕು. ಗಾಡಿಗೆ ವಯಸ್ಸಾಗಿದೆ. ಕೊಡಿ ಕೀ."

ಸುಮ್ಮನಿದ್ದರೆ ತಪ್ಪು ಕಾರಿನ ಮೇಲೆ ಹೋಗುತ್ತದೆ, ಕಾರೂ ಹೋಗುತ್ತದೆ. ಬಾಯಿ ಬಿಟ್ಟರೆ ವಯಸ್ಸಾದದ್ದು ಕಾರಿಗಲ್ಲ, ನನಗೆ ಎಂದಾಗುತ್ತದೆ. ಆಗಲೂ ಕೀ ಹೋಗಬಹುದು. ಶಾಲೆಯಲ್ಲಿ ಏನಾದರೂ ಒಡೆದಾಗ ಸಿಸ್ಟರ್ ಬೈಯುತ್ತಿರಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತ, ಯಾರು ಮಾಡಿದರೋ ಅವರು ಸ್ಟ್ಯಾಂಡ್ ಅಪ್, ಎಂದು ಕಾಯುತ್ತಿದ್ದರು. ಎಷ್ಟು ಹೊತ್ತಾದರೂ. ನಾನು ಸೀಟಿನಿಂದ ಕಾಲು ಈಚೆ ಹಾಕಿ, ಬಾಗಿಲು ಹಿಡಿದುಕೊಂಡು ಎದ್ದು ನಿಂತೆ.

"ಕಾರಿನ ತಪ್ಪಲ್ಲ. ತೈಲ ಹಾಕಿ ಕರಗಿಸಿದ್ದು ನಾನು. ಪ್ರತಿ ತಿಂಗಳೂ. ನಿಮ್ಮ ಮಾವನ ಹಾಗೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ."

ಎಲ್ಲವನ್ನೂ ಹೇಳಿದೆ, ಕೋಳಿಗರಿಯನ್ನೂ ಬಿಡದೆ. ಅವಳ ಮುಖದಲ್ಲಿ ಮೊದಲು ಸಿಟ್ಟು ಬಂತು. ಆ ಪಿಕಪ್ಪು ನೆನಪಾಗಿರಬೇಕು. ಆಮೇಲೆ ನನ್ನ ಕಪ್ಪು ಕೈಗಳನ್ನು ನೋಡಿದಳು.

"ಬ್ರೇಕಿಗೂ ಹಾಕಿದ್ದೀರಾ?"

"ಬ್ರೇಕಿಗೆ ನನ್ನ ಕೈ ಎಟುಕುವುದಿಲ್ಲ."

"ಪುಣ್ಯ ನಮ್ದು," ಎಂದರು ಮೆಕ್ಯಾನಿಕ್ಕು, ವೈರು ಸುತ್ತುತ್ತ. ಆದರೂ ಅವಳ ಸಮಾಧಾನಕ್ಕೆ ಬ್ರೇಕಿನ ಪೈಪುಗಳನ್ನೆಲ್ಲ ಒಮ್ಮೆ ನೋಡಿಕೊಟ್ಟರು. ಚೆನ್ನಾಗಿದ್ದವು.

ಮನೆಗೆ ನಾನೇ ಓಡಿಸಿದೆ. ಬಿಸಿಲಿತ್ತು, ಆದರೂ ಹೆಡ್‌ಲೈಟು ಹಾಕಿಕೊಂಡೇ. ಗೇಟಿನ ಹತ್ತಿರ ಇಳಿದವಳು ಕೈ ಚಾಚಿದಳು. ನಾನು ಕೀ ಕೊಡಹೋದೆ.

"ಕೀ ನಿಮ್ಮ ಹತ್ರಾನೇ ಇರಲಿ ಅತ್ತೆ. ಆ ತೈಲದ ಬಾಟ್ಲಿ ನನಗೆ ಕೊಡಿ."

ಒಳಗಿನಿಂದ ತಂದೆ. ಕೊಡುವ ಮುಂಚೆ, ಒಂದು ನಿಮಿಷ ಎಂದು ಹೇಳಿ, ಸ್ವಲ್ಪ ಅಂಗೈಗೆ ಸುರಿದುಕೊಂಡೆ. ಬೆರಳ ಸಂದಿ, ಉಗುರಿನ ಬುಡ, ಎಲ್ಲ ಉಜ್ಜಿದೆ. ಗ್ರೀಸು ಚೆನ್ನಾಗಿ ಬಿಟ್ಟಿತು. ಕೈ ಮೂಗಿನ ಹತ್ತಿರ ತಂದುಕೊಂಡೆ. ಅವಳು ಬೇಲಿಯ ಹೈಡ್ರೇಂಜಾ ಹೂಗಳನ್ನು ನೋಡುತ್ತ ಕಾದಳು, ಅವಸರ ಮಾಡಲಿಲ್ಲ.

ಬಾಟಲಿಯ ಮುಚ್ಚಳ ಗಟ್ಟಿಯಾಗಿ ತಿರುಗಿಸುತ್ತ ಕೇಳಿದಳು: "ಮುಂದಿನ ಸಲ ಬೊಕ್ಕಾಪುರಂಗೆ ಎಷ್ಟು ಗಂಟೆಗೆ ಹೊರಡೋದು?"